ಅಣಬೆ ಸಸ್ಯವಲ್ಲ, ಕೊಳೆರೋಗದ ಜೀವಿ ಶಿಲೀಂಧ್ರವಲ್ಲ: ಜೀವಿಗಳ ಲಕ್ಷಣ ಮತ್ತು ವರ್ಗೀಕರಣದ ಬಗ್ಗೆ

ಪ್ರಶ್ನೆ: ನಾನು ಕಾರ್ಕಳ ಸಮೀಪದ ಅಡಿಕೆ ಕೃಷಿಕ. ಮಗಳು ಪ್ರಥಮ ಪಿಯುಸಿಯಲ್ಲಿ ಜೀವಶಾಸ್ತ್ರ ಓದುತ್ತಿದ್ದಾಳೆ. ಬೆಳವಣಿಗೆ, ಸಂತಾನೋತ್ಪತ್ತಿ, ಚಯಾಪಚಯ ಎಂದು ಜೀವಿಗಳ ಲಕ್ಷಣಗಳನ್ನು ಹೇಳಿಕೊಟ್ಟು, ಅದರ ಬೆನ್ನಿಗೇ ಅಪವಾದಗಳನ್ನೂ ಹೇಳುತ್ತಾರೆ. ಹಾಗಾದರೆ ಜೀವಿ ಎಂದರೆ ಏನೆಂದು ಬರೆಯಬೇಕು ಎಂಬುದು ಅವಳ ಸಂಶಯ. ನಾನು ಶಾಲೆಗೆ ಹೋಗುವಾಗ ಅಣಬೆಯನ್ನು ಸಸ್ಯವೆಂದು ಕಲಿಸಿದ್ದರು, ಈಗ ಅಲ್ಲವೆನ್ನುತ್ತಾರೆ. ಅಡಿಕೆಯ ಕೊಳೆರೋಗ ಶಿಲೀಂಧ್ರದಿಂದ ಬರುತ್ತದೆಂದು ತಿಳಿದಿದ್ದೆವು. ಮೊನ್ನೆ ಒಂದು ತರಬೇತಿಯಲ್ಲಿ ಅದು ಶಿಲೀಂಧ್ರವೇ ಅಲ್ಲವೆಂದರು. ವರ್ಗೀಕರಣ ಹೀಗೆ ಬದಲಾಗುತ್ತಲೇ ಇದ್ದರೆ ಅದನ್ನು ಕಲಿತು ಪ್ರಯೋಜನವೇನು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಒಂದು ವಸ್ತುವಿಗೆ ಜೀವವಿದೆ ಎಂದು ತೀರ್ಮಾನಿಸುವುದು ಹೇಗೆ ಎಂಬುದು ಮಗಳ ಪ್ರಶ್ನೆ. ಜೀವವಿರುವ ಒಂದು ಪ್ರಾಣಿ, ಸಸ್ಯ ಅಥವಾ ಸೂಕ್ಷ್ಮಾಣು ಯಾವುದಕ್ಕೆ ಹತ್ತಿರದ ಸಂಬಂಧಿ ಎಂದು ತೀರ್ಮಾನಿಸುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ. ಎರಡಕ್ಕೂ ಪಟ್ಟಿಯನ್ನು ಬಾಯಿಪಾಠ ಮಾಡಿ ಉತ್ತರ ಕೊಡಲು ಸಾಧ್ಯವಿಲ್ಲ. ಪಟ್ಟಿಯ ಒಂದೊಂದು ಮಾತನ್ನೂ ಕಣ್ಣೆದುರಿನ ಜೀವಿಯ ಮೇಲೆ ಪರೀಕ್ಷಿಸಿ ನೋಡಿದಾಗ ಮಾತ್ರ ಅದರ ಬೆಲೆ ತಿಳಿಯುತ್ತದೆ.

ಬೆಳವಣಿಗೆಯಿಂದಲೇ ಆರಂಭಿಸೋಣ. ನಮ್ಮ ಅಳಿವೆಗಳಲ್ಲಿ ಮರಳಿನ ದಿಬ್ಬಗಳು ಬೆಳೆಯುತ್ತವೆ. ಅಲೆ ಮತ್ತು ಹೊಳೆ ತಂದು ಹಾಕಿದ ಮರಳು ಮೇಲಿಂದ ಮೇಲೆ ಸೇರಿ ದಿಬ್ಬ ಉದ್ದವಾಗುತ್ತದೆ. ಅಡಿಕೆ ಮರವೂ ಬೆಳೆಯುತ್ತದೆ, ಆದರೆ ಆ ಬೆಳವಣಿಗೆ ನಡೆಯುವ ಜಾಗವೇ ಬೇರೆ. ಮರದ ನೆತ್ತಿಯಲ್ಲಿ, ಸೋಗೆಗಳ ಬುಡ ಒತ್ತಾಗಿ ಸುತ್ತಿಕೊಂಡಿರುವ ಸುಳಿಯೊಳಗೆ, ಜೀವಕೋಶಗಳು ವಿಭಜನೆಗೊಂಡು ಹೊಸ ಕೋಶಗಳಾಗುತ್ತವೆ. ಅವುಗಳಿಂದಲೇ ಹೊಸ ಸೋಗೆ ಮತ್ತು ಕಾಂಡದ ಹೊಸ ಭಾಗ ರೂಪುಗೊಳ್ಳುತ್ತವೆ. ಕಾಂಡದ ಮೇಲೆ ಕಾಣುವ ಒಂದೊಂದು ಉಂಗುರವೂ ಉದುರಿಹೋದ ಒಂದೊಂದು ಸೋಗೆಯ ಗುರುತು. ಅಡಿಕೆಗೆ ಇಂತಹ ಬೆಳೆಯುವ ತುದಿ ಒಂದೇ ಆದ್ದರಿಂದ ಸುಳಿ ಕೊಳೆತರೆ ಮರ ಉಳಿಯುವುದಿಲ್ಲವೆಂಬುದು ನಿಮಗೆ ಅನುಭವದಿಂದಲೇ ಗೊತ್ತಿರುತ್ತದೆ. ಹೊರಗಿನಿಂದ ವಸ್ತು ಬಂದು ಕೂಡಿಕೊಳ್ಳುವುದು ನಿರ್ಜೀವ ವಸ್ತುವಿನ ಬೆಳವಣಿಗೆ. ಹೊರಗಿನಿಂದ ಪಡೆದ ನೀರು, ಗಾಳಿ, ಲವಣಗಳನ್ನು ತನ್ನ ದೇಹದ ವಸ್ತುವಾಗಿ ಮಾರ್ಪಡಿಸಿಕೊಂಡು ಒಳಗಿನಿಂದ ಬೆಳೆಯುವುದು ಜೀವಿಯ ಬೆಳವಣಿಗೆ. ಆದ್ದರಿಂದ 'ಬೆಳೆಯುತ್ತದೆ' ಎಂಬ ಮಾತೊಂದೇ ಸಾಲದು, ಹೇಗೆ ಬೆಳೆಯುತ್ತದೆ ಎಂಬುದನ್ನೂ ಸೇರಿಸಬೇಕು.

ಸಂತಾನೋತ್ಪತ್ತಿಗೆ ಮರಿ ಹಾಕದ ಹೇಸರಗತ್ತೆಯ ಅಪವಾದವನ್ನು ಎಲ್ಲರೂ ಕೊಡುತ್ತಾರೆ. ನಮ್ಮ ಕರಾವಳಿಯ ಮಕ್ಕಳು ಹೇಸರಗತ್ತೆಯನ್ನು ಕಂಡಿರುವುದೇ ಅಪರೂಪ. ತುಡುವೆ ಜೇನಿನ ಪೆಟ್ಟಿಗೆಯನ್ನು ತೋರಿಸುವುದು ಇನ್ನೂ ಒಳ್ಳೆಯದು. ಪೆಟ್ಟಿಗೆಯೊಳಗಿನ ಸಾವಿರಾರು ಕೆಲಸಗಾರ ನೊಣಗಳು ಹೆಣ್ಣೇ ಆಗಿದ್ದರೂ ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ, ಆ ಕೆಲಸ ರಾಣಿಯದು. ಹಾಗೆಂದು ಮಕರಂದ ಹೊತ್ತು ತರುವ ನೊಣಕ್ಕೆ ಜೀವವಿಲ್ಲವೆಂದು ಯಾರೂ ಹೇಳಲಾರರು. ಸಂತಾನೋತ್ಪತ್ತಿ ಒಂದು ಕುಲ ಮುಂದುವರಿಯಲು ಅನಿವಾರ್ಯ, ಒಂದು ಜೀವಿ ಬದುಕಿರಲು ಅನಿವಾರ್ಯವಲ್ಲ.

ಉಳಿದದ್ದು ಚಯಾಪಚಯ, ಅಂದರೆ ದೇಹದೊಳಗೆ ಸದಾ ನಡೆಯುವ ರಾಸಾಯನಿಕ ಕ್ರಿಯೆಗಳ ಒಟ್ಟು ಜಾಲ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗಿನೊಳಗೆ ಉಬ್ಬಿ ಹುಳಿಯಾಗುವುದು ಉದ್ದು ಮತ್ತು ಅಕ್ಕಿಯೊಂದಿಗೆ ಬಂದ ಲ್ಯೂಕೊನೊಸ್ಟಾಕ್ ಮುಂತಾದ ಬ್ಯಾಕ್ಟೀರಿಯಾಗಳ ಚಯಾಪಚಯದಿಂದ. ಅವು ಸಕ್ಕರೆಯ ಅಂಶವನ್ನು ಒಡೆದು ಆಮ್ಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಬಿಡುತ್ತವೆ. ಹಿಟ್ಟಿಗೆ ಜೀವವಿಲ್ಲ, ಅದರೊಳಗಿನ ಕೋಶಗಳಿಗಿದೆ. ಇಲ್ಲಿ ಒಂದು ಸೂಕ್ಷ್ಮವಿದೆ. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ಯೀಸ್ಟ್ ಕೋಶಗಳನ್ನು ಅರೆದು ಹಿಂಡಿ ತೆಗೆದ, ಜೀವಂತ ಕೋಶವೊಂದೂ ಇಲ್ಲದ ರಸವೂ ಸಕ್ಕರೆಯನ್ನು ಹುದುಗಿಸುತ್ತದೆಂದು ತೋರಿಸಿದರು. ಕ್ರಿಯೆ ನಡೆಸುವುದು ರಸದಲ್ಲಿರುವ ಕಿಣ್ವಗಳು. ಆದರೆ ಆ ರಸ ತನ್ನ ಕಿಣ್ವಗಳು ಮುಗಿದಾಗ ಹೊಸ ಕಿಣ್ವಗಳನ್ನು ತಯಾರಿಸಿಕೊಳ್ಳಲಾರದು, ಹಾಳಾದದ್ದನ್ನು ಸರಿಪಡಿಸಿಕೊಳ್ಳಲಾರದು. ಪ್ರನಾಳದಲ್ಲಿ ನಡೆಯುವ ಬಿಡಿ ಕ್ರಿಯೆಗೂ ಜೀವಕೋಶದೊಳಗೆ ನಡೆಯುವ ಕ್ರಿಯೆಗೂ ಇರುವ ವ್ಯತ್ಯಾಸ ಇದೇ: ಕೋಶದೊಳಗೆ ಆ ಕ್ರಿಯೆಗಳು ಪರಸ್ಪರ ಹೊಂದಿಕೊಂಡು, ತಮ್ಮನ್ನು ನಡೆಸುವ ಯಂತ್ರವನ್ನೇ ಕಟ್ಟುತ್ತಾ ದುರಸ್ತಿ ಮಾಡುತ್ತಾ ಸಾಗುತ್ತವೆ. ಹಾಗಾಗಿಯೇ ಚಯಾಪಚಯ ಮತ್ತು ಕೋಶರಚನೆ ಎಂಬ ಎರಡು ಲಕ್ಷಣಗಳನ್ನು ಜೊತೆಯಾಗಿಯೇ ಹೇಳಬೇಕು.

ಚಯಾಪಚಯಕ್ಕೆ ಅಪವಾದವೇ ಇಲ್ಲವೆಂದು ಬಹಳ ಕಡೆ ಬರೆದಿರುತ್ತದೆ. ಅದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸಿಗಡಿ ಮರಿ ಮಾಡುವ ಹ್ಯಾಚರಿಗಳಲ್ಲಿ ಮರಿಗಳ ಆಹಾರಕ್ಕಾಗಿ ಆರ್ಟೀಮಿಯ ಎಂಬ ಉಪ್ಪುನೀರಿನ ಸಣ್ಣ ಪ್ರಾಣಿಯ ಒಣಗಿದ ಮೊಟ್ಟೆಗಳನ್ನು ಡಬ್ಬಿಗಳಲ್ಲಿ ತರಿಸುತ್ತಾರೆ. ಡಬ್ಬಿ ತೆರೆದರೆ ಕಾಣುವುದು ಕಂದು ಬಣ್ಣದ ನುಣ್ಣನೆಯ ಹುಡಿ. ಬೆರಳಿಗೆ ಮೆತ್ತಿಕೊಂಡ ಒಂದೊಂದು ಕಣವೂ ಒಳಗೆ ಭ್ರೂಣವಿರುವ ಒಂದೊಂದು ಮೊಟ್ಟೆ. ಈ ಒಣ ಸ್ಥಿತಿಯಲ್ಲಿ ಅದರ ಚಯಾಪಚಯ ಅಳೆಯಲಾಗದಷ್ಟು ಕೆಳಗಿಳಿದಿರುತ್ತದೆ, ನಿಂತಿದೆ ಎಂದರೂ ತಪ್ಪಾಗದು. ವರ್ಷಗಟ್ಟಲೆ ಹಾಗೆಯೇ ಇಡಬಹುದು. ಅದೇ ಹುಡಿಯನ್ನು ಬೆಚ್ಚಗಿನ ಕಡಲನೀರಿಗೆ ಹಾಕಿ ಗಾಳಿ ಹಾಯಿಸಿದರೆ ಸುಮಾರು ಒಂದು ದಿನದಲ್ಲಿ ಕಿತ್ತಳೆ ಬಣ್ಣದ ಮರಿಗಳು ಹೊರಬಂದು ಬೆಳಕಿನ ಕಡೆಗೆ ಈಜುತ್ತವೆ. ನಡುವಿನ ಕಾಲದಲ್ಲಿ ಅದು ಸತ್ತಿರಲಿಲ್ಲ, ಏಕೆಂದರೆ ಕೋಶದ ರಚನೆ ಕೆಡದೆ ಉಳಿದಿತ್ತು. ನೀರಿನ ಸ್ಥಾನದಲ್ಲಿ ಟ್ರಿಹಲೋಸ್ ಎಂಬ ಸಕ್ಕರೆ ನಿಂತು ಕೋಶದ ಪೊರೆಗಳನ್ನೂ ಪ್ರೋಟೀನುಗಳನ್ನೂ ಕಾಪಾಡಿತ್ತು. ಕ್ರಿಯೆ ನಿಂತರೂ ಕ್ರಿಯೆಗೆ ಬೇಕಾದ ವ್ಯವಸ್ಥೆ ಅಖಂಡವಾಗಿ ಉಳಿದರೆ ಜೀವ ಉಳಿದಂತೆ ಎಂಬುದು ಇದರಿಂದ ತಿಳಿಯುತ್ತದೆ. ಬಿತ್ತನೆಗೆಂದು ತೆಗೆದಿಟ್ಟ ಭತ್ತವೂ ಇದೇ ದಾರಿಯದು, ಆದರೆ ಅದರಲ್ಲಿ ಉಸಿರಾಟ ತೀರಾ ನಿಧಾನವಾಗಿಯಾದರೂ ನಡೆಯುತ್ತಲೇ ಇರುತ್ತದೆ.

ಪ್ರಚೋದನೆಗೆ ಪ್ರತಿಕ್ರಿಯಿಸುವ ಗುಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಾಚಿಕೆಮುಳ್ಳು ಮುಟ್ಟಿದರೆ ಮುದುಡುವುದನ್ನು ಎಲ್ಲರೂ ಬಲ್ಲರು, ಬ್ಯಾಕ್ಟೀರಿಯಾ ಕೂಡ ಆಹಾರ ಇರುವ ಕಡೆಗೆ ಚಲಿಸುತ್ತದೆ. ಇವೆಲ್ಲದರ ಹಿಂದೆ ಆನುವಂಶಿಕ ಮಾಹಿತಿ ಇರುತ್ತದೆ. ಅದು ತಲೆಮಾರಿನಿಂದ ತಲೆಮಾರಿಗೆ ಸಾಗುವಾಗ ಸಣ್ಣಪುಟ್ಟ ವ್ಯತ್ಯಾಸಗಳಾಗುತ್ತವೆ, ಅವುಗಳಲ್ಲಿ ಕೆಲವು ಉಳಿದು ಕೆಲವು ಅಳಿಯುತ್ತವೆ, ಇದರಿಂದ ವಿಕಾಸ ನಡೆಯುತ್ತದೆ. ಭೂಮಿಯ ಹೊರಗೆ ಜೀವವನ್ನು ಹುಡುಕುವವರೂ ಈ ಅಂಶಕ್ಕೆ ಮಹತ್ವ ಕೊಡುತ್ತಾರೆ. ತನ್ನನ್ನು ತಾನೇ ನಡೆಸಿಕೊಂಡು ಹೋಗುವ, ಡಾರ್ವಿನ್ ಹೇಳಿದ ಬಗೆಯ ವಿಕಾಸಕ್ಕೆ ಒಳಗಾಗಬಲ್ಲ ರಾಸಾಯನಿಕ ವ್ಯವಸ್ಥೆ ಎಂಬುದು ನಾಸಾ ಬಳಸುವ ವ್ಯಾಖ್ಯಾನ.

ನಿಮ್ಮ ಮಗಳು ಹೀಗೆ ಬರೆಯಬಹುದು: ಜೀವಕೋಶ ಅಥವಾ ಜೀವಕೋಶಗಳಿಂದಾಗಿ, ಪರಿಸರದಿಂದ ವಸ್ತು ಮತ್ತು ಶಕ್ತಿಯನ್ನು ಪಡೆದು ಚಯಾಪಚಯದ ಮೂಲಕ ತನ್ನ ರಚನೆಯನ್ನು ತಾನೇ ಕಾಪಾಡಿಕೊಳ್ಳುವ, ಪ್ರಚೋದನೆಗೆ ಪ್ರತಿಕ್ರಿಯಿಸುವ, ಆನುವಂಶಿಕ ಮಾಹಿತಿಯುಳ್ಳ ವ್ಯವಸ್ಥೆಯೇ ಜೀವಿ, ಬೆಳವಣಿಗೆ ಮತ್ತು ಸಂತಾನೋತ್ಪತ್ತಿ ಬಹುಪಾಲು ಜೀವಿಗಳಲ್ಲಿ ಕಂಡುಬರುತ್ತವೆ, ಆದರೆ ಅವೆರಡರಿಂದಲೇ ಜೀವವನ್ನು ನಿರ್ಧರಿಸಲಾಗದು.

ಈ ವ್ಯಾಖ್ಯಾನದ ಗಡಿಯಲ್ಲಿ ನಿಲ್ಲುವುದು ವೈರಸ್. ಹೊಗೆಸೊಪ್ಪಿನ ಎಲೆಗಳಲ್ಲಿ ಮಚ್ಚೆ ಮೂಡಿಸುವ ರೋಗಕಾರಕವು ಬ್ಯಾಕ್ಟೀರಿಯಾ ಹಿಡಿದಿಡುವ ಸೋಸುಕವನ್ನೂ ದಾಟಿ ಹೋಗುತ್ತದೆಂದು ರಷ್ಯಾದ ಡಿಮಿಟ್ರಿ ಇವನೋವ್‌ಸ್ಕಿ 1892ರಲ್ಲಿ ಕಂಡರು. 1935ರಲ್ಲಿ ಅಮೆರಿಕದ ವೆಂಡೆಲ್ ಸ್ಟ್ಯಾನ್ಲಿ ಅದೇ ವೈರಸ್ಸನ್ನು ಹರಳುಗಳಾಗಿ ಬೇರ್ಪಡಿಸಿದರು. ಆ ಹರಳುಗಳನ್ನು ಕರಗಿಸಿ ಗಿಡಕ್ಕೆ ಹಚ್ಚಿದರೆ ರೋಗ ಮತ್ತೆ ಬರುತ್ತಿತ್ತು. ಕರಾವಳಿಯ ಸಿಗಡಿ ಕೆರೆಗಳನ್ನು 1990ರ ದಶಕದಿಂದ ಕಾಡುತ್ತಿರುವ ಬಿಳಿಚುಕ್ಕೆ ರೋಗವೂ ವೈರಸ್ಸಿನದೇ. ಸಿಗಡಿಯ ಕೋಶದೊಳಗೆ ಹೊಕ್ಕಾಗ ಅದು ಕೋಶದ ಯಂತ್ರವನ್ನು ಬಳಸಿ ತನ್ನ ಪ್ರತಿಗಳನ್ನು ತಯಾರಿಸುತ್ತದೆ. ಹೊರಗಿದ್ದಾಗ ಅದಕ್ಕೆ ಉಸಿರಾಟವೂ ಇಲ್ಲ, ಆಹಾರವೂ ಇಲ್ಲ. ಅದಕ್ಕೆ ಸ್ವಂತ ಕೋಶವಿಲ್ಲ, ಸ್ವಂತ ಚಯಾಪಚಯವಿಲ್ಲ. ಆನುವಂಶಿಕ ಮಾಹಿತಿ ಮತ್ತು ವಿಕಾಸ ಮಾತ್ರ ಇವೆ. ಜೀವಿಗಳನ್ನು ವಿಂಗಡಿಸುವ ಐದು ಸಾಮ್ರಾಜ್ಯಗಳಲ್ಲಿ (ಅವುಗಳ ವಿವರ ಮುಂದಿದೆ) ವೈರಸ್ಸಿಗೆ ಸ್ಥಾನ ಕೊಡದಿರುವುದು ಈ ಕಾರಣಕ್ಕೆ.

ಇನ್ನು ನಿಮ್ಮ ಪ್ರಶ್ನೆ. ವರ್ಗೀಕರಣ ಎಂದರೆ ಹೋಲಿಕೆಯ ಮೇಲೆ ಗುಂಪು ಮಾಡುವುದು ಎಂಬ ತಿಳಿವಳಿಕೆಯೇ ನಿಮ್ಮ ಗೊಂದಲದ ಮೂಲ. ಹಿಂದೆ ಅದು ಹಾಗೆಯೇ ಇತ್ತು, ಈಗ ಅದು ರಕ್ತಸಂಬಂಧದ ನಿರೂಪಣೆ. ಮಲ್ಪೆ ಬಂದರಿನಲ್ಲಿ ಒಂದೇ ಬುಟ್ಟಿಯಲ್ಲಿ ಬಂಗುಡೆ ಮತ್ತು ಭೂತಾಯಿ ಸಿಗುತ್ತವೆ. ಗಾತ್ರದಲ್ಲಿ ಹತ್ತಿರ, ಎರಡೂ ಹಿಂಡಿನಲ್ಲಿ ಬರುವ ಮೀನುಗಳು. ಪಕ್ಕದಲ್ಲಿ ಮಾರು ಉದ್ದದ ಅಂಜಲ್ ಬಿದ್ದಿರುತ್ತದೆ. ನೋಟಕ್ಕೆ ಬಂಗುಡೆಯೂ ಭೂತಾಯಿಯೂ ಒಂದು ಗುಂಪು, ಅಂಜಲ್ ಬೇರೆ. ಆದರೆ ಬಂಗುಡೆಯನ್ನು ಕೈಗೆತ್ತಿಕೊಂಡು ಬೆನ್ನಿನ ಎರಡನೆಯ ಈಜುರೆಕ್ಕೆಯ ಹಿಂದೆ ನೋಡಿದರೆ ಬಾಲದವರೆಗೆ ಸಾಲಾಗಿ ಐದು ಕಿರುರೆಕ್ಕೆಗಳಿರುತ್ತವೆ, ಹೊಟ್ಟೆಯ ಕಡೆಯಲ್ಲೂ ಅಂತಹುದೇ ಸಾಲು ಇರುತ್ತದೆ. ಅಂಜಲಿನಲ್ಲೂ ಅವು ಇವೆ, ಸಂಖ್ಯೆ ಮಾತ್ರ ಹೆಚ್ಚು. ಭೂತಾಯಿಗೆ ಬೆನ್ನಿನ ರೆಕ್ಕೆ ಒಂದೇ, ಕಿರುರೆಕ್ಕೆಗಳಿಲ್ಲ, ಹೊಟ್ಟೆಯ ಅಂಚು ಮುಳ್ಳುಹುರುಪೆಗಳಿಂದ ಚೂಪಾಗಿರುತ್ತದೆ. ಬಂಗುಡೆ, ಅಂಜಲ್, ಟ್ಯೂನ ಮೂರೂ ಸ್ಕಾಂಬ್ರಿಡೇ ಎಂಬ ಒಂದೇ ಕುಟುಂಬದವು. ಭೂತಾಯಿಯ ಕುಟುಂಬ ಮಾತ್ರವಲ್ಲ, ಅದಕ್ಕಿಂತ ದೊಡ್ಡ ಗುಂಪಾದ ಗಣವೂ ಬೇರೆ. ತೊರಕೆ ಮೀನು ಇನ್ನೂ ದೂರ: ಅದರ ಅಸ್ಥಿಪಂಜರ ಮೂಳೆಯದಲ್ಲ, ಮೃದ್ವಸ್ಥಿಯದು. ಮೂಳೆಯ ಅಸ್ಥಿಪಂಜರವುಳ್ಳ ಮೀನುಗಳ ಒಂದು ಕವಲಿನಿಂದಲೇ ಕಪ್ಪೆ, ಹಾವು, ಹಕ್ಕಿ ಮತ್ತು ಮನುಷ್ಯರು ಬಂದುದರಿಂದ, ಸಂಬಂಧದ ಲೆಕ್ಕದಲ್ಲಿ ಬಂಗುಡೆ ತೊರಕೆಗಿಂತ ನಮಗೇ ಹತ್ತಿರ. ಮಂಗಳೂರಿನ ಬಂಗುಡೆ ಕೇರಳದಲ್ಲಿ ಅಯಲ ಆಗುವುದರಿಂದ, ಎಲ್ಲ ಕಡೆಯವರಿಗೂ ಅದು ರಾಸ್ಟ್ರೆಲ್ಲಿಜರ್ ಕನಗುರ್ಟ ಎಂಬ ಒಂದೇ ಹೆಸರಿನಲ್ಲಿ ತಿಳಿಯಲಿ ಎಂದು ಜಾತಿ ಮತ್ತು ಪ್ರಭೇದಗಳ ಜೋಡಿ ಹೆಸರು ಬಳಕೆಯಲ್ಲಿದೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಸಸ್ಯಗಳಿಗೂ 1758ರಲ್ಲಿ ಪ್ರಾಣಿಗಳಿಗೂ ಈ ಪದ್ಧತಿಯನ್ನು ನೆಲೆಗೊಳಿಸಿದರು.

ಲಿನೇಯಸ್ಸರ ಕಾಲದಲ್ಲಿ ಇದ್ದದ್ದು ಸಸ್ಯ ಮತ್ತು ಪ್ರಾಣಿ ಎಂಬ ಎರಡೇ ಸಾಮ್ರಾಜ್ಯಗಳು. ನಡೆದಾಡದೆ, ನೆಲಕ್ಕೆ ಅಂಟಿಕೊಂಡು, ಕೋಶಭಿತ್ತಿ ಹೊಂದಿರುವುದೆಲ್ಲ ಸಸ್ಯದ ಪಾಲಿಗೆ ಬಿತ್ತು. ನಿಮಗೆ ಅಣಬೆಯನ್ನು ಸಸ್ಯವೆಂದು ಕಲಿಸಿದ್ದು ಆ ಪರಂಪರೆಯಲ್ಲಿ. ಆದರೆ ಮಳೆಗಾಲದ ಆರಂಭದಲ್ಲಿ ನಮ್ಮ ಗುಡ್ಡಗಳ ಮಣ್ಣು ಕೆದಕಿ ತೆಗೆಯುವ ಕಲ್ಲಣಬೆಯನ್ನು ಗಮನಿಸಿ. ಅದರಲ್ಲಿ ಹಸಿರಿಲ್ಲ, ಎಲೆಯಿಲ್ಲ, ಬಿಸಿಲಿನಿಂದ ಆಹಾರ ತಯಾರಿಸುವ ಶಕ್ತಿಯಿಲ್ಲ. ನಾವು ತಿನ್ನುವ ಉರುಟು ಗಡ್ಡೆ ಅದರ ಬೀಜಕಗಳನ್ನು ಹೊರುವ ಭಾಗ ಮಾತ್ರ. ನಿಜವಾದ ದೇಹ ಮಣ್ಣಿನಲ್ಲಿ ಹರಡಿದ ನೂಲಿನಂತಹ ಎಳೆಗಳು. ಅವು ಕಾಡುಮರಗಳ ಬೇರುಗಳನ್ನು ಸುತ್ತಿಕೊಂಡು, ಮರಕ್ಕೆ ನೀರು ಮತ್ತು ಲವಣಗಳನ್ನು ಒದಗಿಸಿ, ಪ್ರತಿಯಾಗಿ ಸಕ್ಕರೆ ಪಡೆಯುತ್ತವೆ. ಇಂತಹ ಗುಡ್ಡದ ಮರ ಕಡಿದರೆ ಕಲ್ಲಣಬೆಯೂ ಇಲ್ಲವಾಗುತ್ತದೆ ಎಂಬುದನ್ನು ಇಲ್ಲಿ ಹೇಳದೆ ಇರಲಾರೆ. ಅಣಬೆಯ ಕೋಶಭಿತ್ತಿಯಲ್ಲಿರುವ ಮುಖ್ಯ ವಸ್ತು ಸಸ್ಯಗಳ ಸೆಲ್ಯುಲೋಸ್ ಅಲ್ಲ, ಏಡಿ ಮತ್ತು ಸಿಗಡಿಯ ಚಿಪ್ಪಿನಲ್ಲಿರುವ ಕೈಟಿನ್. ಅದು ಕೂಡಿಡುವ ಆಹಾರ ಪಿಷ್ಟವಲ್ಲ, ನಮ್ಮ ಯಕೃತ್ತಿನಲ್ಲಿರುವ ಗ್ಲೈಕೋಜನ್. 1969ರಲ್ಲಿ ಅಮೆರಿಕದ ರಾಬರ್ಟ್ ವಿಟೇಕರ್ ಕೋಶರಚನೆ, ದೇಹದ ಸಂಘಟನೆ, ಪೋಷಣೆಯ ವಿಧಾನ ಮುಂತಾದವುಗಳನ್ನು ಆಧರಿಸಿ ಮೊನೆರಾ (ಕೋಶಕೇಂದ್ರವಿಲ್ಲದ ಏಕಕೋಶ ಜೀವಿಗಳು), ಪ್ರೊಟಿಸ್ಟಾ (ಕೋಶಕೇಂದ್ರವುಳ್ಳ ಏಕಕೋಶ ಜೀವಿಗಳು), ಶಿಲೀಂಧ್ರ, ಸಸ್ಯ, ಪ್ರಾಣಿ ಎಂಬ ಐದು ಸಾಮ್ರಾಜ್ಯಗಳನ್ನು ಮಾಡಿದಾಗ ಶಿಲೀಂಧ್ರಗಳಿಗೆ ಸ್ವಂತ ಮನೆ ಸಿಕ್ಕಿತು. ಆಮೇಲೆ ಅಣುಮಟ್ಟದ ಅಧ್ಯಯನಗಳು ಶಿಲೀಂಧ್ರಗಳು ಸಸ್ಯಗಳಿಗಿಂತ ಪ್ರಾಣಿಗಳಿಗೇ ಹತ್ತಿರವೆಂದು ತೋರಿಸಿದವು.

ವಿಟೇಕರ್ ಅವರ ಮೊನೆರಾ ಕೂಡ ಹಾಗೆಯೇ ಉಳಿಯಲಿಲ್ಲ, ಅದಕ್ಕೆ ಕಾರಣವಾದ ಜೀವಿ ನಿಮ್ಮ ಹಟ್ಟಿಯಲ್ಲೇ ಇದೆ. ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಮೀಥೇನ್ ಅನಿಲ ತಯಾರಿಸುವ, ದನದ ಹೊಟ್ಟೆಯಲ್ಲೂ ವಾಸಿಸುವ ಸೂಕ್ಷ್ಮಾಣುಗಳನ್ನು ಬಹುಕಾಲ ಬ್ಯಾಕ್ಟೀರಿಯಾವೆಂದೇ ಕರೆಯುತ್ತಿದ್ದರು. ನೋಟಕ್ಕೆ ವ್ಯತ್ಯಾಸವಿಲ್ಲ, ಎರಡಕ್ಕೂ ಕೋಶಕೇಂದ್ರವಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಇವುಗಳ ರೈಬೋಸೋಮಿನ (ಕೋಶದೊಳಗೆ ಪ್ರೋಟೀನು ತಯಾರಿಸುವ ಕಣದ) ಆರ್‌ಎನ್‌ಎಯನ್ನು ಇತರ ಜೀವಿಗಳದರೊಂದಿಗೆ ಹೋಲಿಸಿ, ಮೀಥೇನ್ ತಯಾರಿಸುವವು ಬ್ಯಾಕ್ಟೀರಿಯಾದಿಂದ ತೀರಾ ದೂರದವೆಂದು 1977ರಲ್ಲಿ ಪ್ರಕಟಿಸಿದರು. ಎಲ್ಲ ಜೀವಕೋಶಗಳಲ್ಲೂ ರೈಬೋಸೋಮ್ ಇರುವುದರಿಂದ ಈ ಒಂದು ಅಣುವಿನ ಮೂಲಕ ಹುಲ್ಲನ್ನೂ ಹುಲಿಯನ್ನೂ ಬ್ಯಾಕ್ಟೀರಿಯಾವನ್ನೂ ಒಂದೇ ಅಳತೆಯಲ್ಲಿ ಹೋಲಿಸಲು ಸಾಧ್ಯವಾಯಿತು. ವರ್ಗೀಕರಣದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. 1990ರಲ್ಲಿ ವೋಸ್ ಮತ್ತು ಸಂಗಡಿಗರು ಬ್ಯಾಕ್ಟೀರಿಯಾ, ಆರ್ಕಿಯಾ, ಯುಕ್ಯಾರಿಯಾ ಎಂಬ, ಸಾಮ್ರಾಜ್ಯಕ್ಕಿಂತಲೂ ಮೇಲಿನ ಮೂರು ಡೊಮೇನುಗಳನ್ನು ಸೂಚಿಸಿದರು. ಮೀಥೇನ್ ತಯಾರಿಸುವವು ಆರ್ಕಿಯಾಕ್ಕೆ ಸೇರಿದವು. ಕೋಶಕೇಂದ್ರವುಳ್ಳ ನಾವೆಲ್ಲರೂ, ಅಂದರೆ ಸಸ್ಯ, ಪ್ರಾಣಿ, ಶಿಲೀಂಧ್ರಗಳೆಲ್ಲ, ಮೂರನೆಯ ಡೊಮೇನಿಗೆ ಸೇರಿದವರು.

ಈಗ ಕೊಳೆರೋಗಕ್ಕೆ ಬರೋಣ. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಮಾಡುವುದು ನಮ್ಮ ಹಿರಿಯರ ಉಪಾಯವಾಗಿತ್ತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಕೂಲಂಕಷವಾಗಿ ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ರೋಗಕಾರಕ ಫೈಟಾಫ್ತೊರ ಎಂದು ಗುರುತಿಸಿದರು, ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಎಳೆಎಳೆಯಾಗಿ ಬೆಳೆಯುವುದು, ಬೀಜಕಗಳಿಂದ ಹರಡುವುದು, ಕೊಳೆತ ಕಾಯಿಯ ಮೇಲೆ ಬಿಳಿ ಬೂಸುರಿನಂತೆ ಕಾಣುವುದು ಇವೆಲ್ಲ ಶಿಲೀಂಧ್ರವನ್ನೇ ಹೋಲುವುದರಿಂದ ಅದನ್ನು ಶಿಲೀಂಧ್ರವೆಂದು ಕರೆದದ್ದು ಸಹಜ. ಆದರೆ ಅದರ ಕೋಶಭಿತ್ತಿಯಲ್ಲಿ ಮುಖ್ಯವಾಗಿ ಇರುವುದು ಕೈಟಿನ್ ಅಲ್ಲ, ಸೆಲ್ಯುಲೋಸ್ ಮತ್ತು ಗ್ಲೂಕಾನ್. ಮಳೆಯಲ್ಲಿ ಕಾಯಿ ನೆನೆದಾಗ ಅದರ ಬೀಜಕಚೀಲಗಳಿಂದ ಈಜುವ ಬೀಜಕಗಳು ಹೊರಬರುತ್ತವೆ. ಒಂದೊಂದಕ್ಕೂ ಎರಡು ಕಶಾಂಗಗಳು, ಅಂದರೆ ಈಜಲು ಬಳಸುವ ಚಾಟಿಯಂತಹ ಎಳೆಗಳು: ಒಂದು ನುಣುಪು, ಇನ್ನೊಂದರ ಮೇಲೆ ಸೂಕ್ಷ್ಮ ರೋಮಗಳ ಸಾಲು. ಈ ರೋಮವುಳ್ಳ ಕಶಾಂಗ ನಿಜವಾದ ಶಿಲೀಂಧ್ರಗಳಲ್ಲಿ ಇಲ್ಲ, ಸಮುದ್ರದ ಬಂಡೆಗಳಲ್ಲಿ ಬೆಳೆಯುವ ಕಂದು ಪಾಚಿಗಳ ಗಂಡುಕೋಶಗಳಲ್ಲಿದೆ. ಡಿಎನ್‌ಎ ಹೋಲಿಕೆಯೂ ಅದನ್ನೇ ದೃಢಪಡಿಸುತ್ತದೆ: ನಿಮ್ಮ ತೋಟದ ಕೊಳೆರೋಗದ ಜೀವಿಗೆ ಅಣಬೆಗಿಂತ ಕಂದು ಪಾಚಿ ಮತ್ತು ಏಕಕೋಶ ಪಾಚಿಗಳಾದ ಡಯಾಟಮ್‌ಗಳು ಹತ್ತಿರದ ಸಂಬಂಧಿಗಳು. ಇದನ್ನು ಊಮೈಸೀಟ್ ಎಂಬ ಗುಂಪಿನಲ್ಲಿ ಇಡಲಾಗಿದೆ.

ಪ್ರಯೋಜನವೇನು ಎಂದು ಕೇಳಿದ್ದೀರಿ. ಹೆಕ್ಸಕೋನಜೋಲ್, ಪ್ರೊಪಿಕೋನಜೋಲ್ ಮುಂತಾದ ಶಿಲೀಂಧ್ರನಾಶಕಗಳು ಕೆಲಸ ಮಾಡುವುದು ಶಿಲೀಂಧ್ರದ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ತಯಾರಾಗದಂತೆ ತಡೆದು. ಫೈಟಾಫ್ತೊರ ಎರ್ಗೊಸ್ಟೆರಾಲನ್ನು ತಯಾರಿಸುವುದೇ ಇಲ್ಲ, ಆದ್ದರಿಂದ ಈ ಮದ್ದುಗಳು ಕೊಳೆರೋಗಕ್ಕೆ ನಾಟುವುದಿಲ್ಲ. ಲೇಬಲ್ಲಿನಲ್ಲಿ ಶಿಲೀಂಧ್ರನಾಶಕ ಎಂದಿದೆಯೆಂಬ ಕಾರಣಕ್ಕೆ ಕೊಂಡು ಸಿಂಪಡಿಸಿದರೆ ಹಣವೂ ಹೋಗುತ್ತದೆ, ಫಸಲೂ ಉಳಿಯುವುದಿಲ್ಲ. ಮೆಟಲಾಕ್ಸಿಲ್ ಎಂಬ ಮದ್ದು ಊಮೈಸೀಟ್‌ಗಳ ಆರ್‌ಎನ್‌ಎ ತಯಾರಿಕೆಯನ್ನೇ ತಡೆಯುವುದರಿಂದ ಅವುಗಳ ಮೇಲೆ ಪರಿಣಾಮ ಬೀರುತ್ತದೆ. ಬೋರ್ಡೋ ದ್ರಾವಣದ ತಾಮ್ರ ಅನೇಕ ಕಿಣ್ವಗಳನ್ನು ಒಟ್ಟಿಗೆ ಕೆಡಿಸುವುದರಿಂದ ಶಿಲೀಂಧ್ರ, ಊಮೈಸೀಟ್ ಎಂಬ ಭೇದ ಅದಕ್ಕಿಲ್ಲ. ನಿಜವೆಂದರೆ 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ಅದನ್ನು ಪ್ರಕಟಿಸಿದ್ದೇ ದ್ರಾಕ್ಷಿಯ ಒಂದು ಊಮೈಸೀಟ್ ರೋಗಕ್ಕೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಅಳತೆ ನಿಮಗೆ ಗೊತ್ತೇ ಇದೆ. ಅದು ಕಾಯಿಯ ಮೇಲೆ ಕವಚವಾಗಿ ನಿಂತು ಈಜುವ ಬೀಜಕಗಳು ಒಳಹೊಗುವ ಮೊದಲೇ ಕೊಲ್ಲುವ ಮದ್ದಾದ್ದರಿಂದ, ಮಳೆ ಹಿಡಿಯುವ ಮುನ್ನ ಒಂದು ಸಲ, ಅದಾಗಿ 40ರಿಂದ 45 ದಿನಗಳಿಗೆ ಮತ್ತೊಂದು ಸಲ ಬಿಡಬೇಕೆನ್ನುವುದು.

ಪರೀಕ್ಷೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಪಿಯುಸಿ ಪಠ್ಯದಲ್ಲಿ ಸಾಸಿವೆಯ ಮೇಲೆ ಬರುವ ಆಲ್ಬ್ಯುಗೊ ಎಂಬ ಪರೋಪಜೀವಿಯನ್ನು ಶಿಲೀಂಧ್ರ ಸಾಮ್ರಾಜ್ಯದ ಫೈಕೋಮೈಸೀಟ್ಸ್ ಗುಂಪಿನಲ್ಲಿ ಹೇಳಿದ್ದಾರೆ, ಅದೂ ಊಮೈಸೀಟೇ. ಐದು ಸಾಮ್ರಾಜ್ಯಗಳ ಪದ್ಧತಿಯ ಪ್ರಕಾರ ಪ್ರಶ್ನೆ ಬಂದರೆ ಪಠ್ಯದಂತೆಯೇ ಉತ್ತರಿಸಲಿ, ಇಂದಿನ ಸ್ಥಾನ ಬೇರೆಯೆಂದು ಒಂದು ಸಾಲು ಸೇರಿಸಿದರೆ ತಪ್ಪಿಲ್ಲ.

ಓದಿದ್ದನ್ನು ಕಣ್ಣಾರೆ ನೋಡುವ ಅವಕಾಶವೂ ಅವಳಿಗೆ ತೋಟದಲ್ಲೇ ಇದೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕೊಳೆ ತಗಲಿ ಉದುರಿದ ಒಂದೆರಡು ಹಸಿ ಕಾಯಿಗಳನ್ನು ಒದ್ದೆ ಕಾಗದದ ಮೇಲಿಟ್ಟು ಪಾತ್ರೆ ಮುಚ್ಚಿದರೆ ಒಂದೆರಡು ದಿನಗಳಲ್ಲಿ ಬಿಳಿ ಎಳೆಗಳು ಹಬ್ಬುತ್ತವೆ. ಅವನ್ನು ಸೂಜಿಯ ತುದಿಯಲ್ಲಿ ಎತ್ತಿ ತಣ್ಣಗಿನ ಶುದ್ಧ ನೀರಿನ ಹನಿಯಲ್ಲಿಟ್ಟು, ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಉಪನ್ಯಾಸಕರ ಸಹಾಯದಿಂದ ನೋಡಿದರೆ ಲಿಂಬೆಕಾಯಿಯಾಕಾರದ ಬೀಜಕಚೀಲಗಳು ಕಾಣಸಿಗುತ್ತವೆ. ಸ್ವಲ್ಪ ಹೊತ್ತು ಕಾದರೆ ಈಜುವ ಬೀಜಕಗಳು ಹೊರಬೀಳುವುದೂ ಕಾಣಬಹುದು. ಕಶಾಂಗದ ರೋಮಗಳು ಆ ಸೂಕ್ಷ್ಮದರ್ಶಕಕ್ಕೆ ಕಾಣವು, ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ನೋಡಿ ಮುಗಿದ ಕಾಯಿಗಳನ್ನು ಅಡಿಕೆ ಬುಡಕ್ಕೆ ಎಸೆಯದೆ ಸುಟ್ಟುಬಿಡಿ, ಏಕೆಂದರೆ ರೋಗ ಮುಂದಿನ ಮಳೆಗಾಲದವರೆಗೆ ಉಳಿದುಕೊಳ್ಳುವುದು ತೋಟದಲ್ಲಿ ಬಿದ್ದ ಅಂತಹ ಕಾಯಿಗಳಲ್ಲಿ ಮತ್ತು ಮಣ್ಣಿನಲ್ಲಿ.